ಬ್ರೆಜಿಲ್‌ನಿಂದ ಹುಡುಗಿ ಬರುತ್ತಿದ್ದಾಳೆ, ನಾಲ್ಕು ತಿಂಗಳು ನಮ್ಮ ಮನೆಯಲ್ಲೇ ಇರುತ್ತಾಳೆ. ಅನುಭವ ಇರುವವರು ಹೇಳಿ

ತುಂಗೆ ದಡದವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ, ದುರ್ಗಿಗುಡಿ. ಯಜಮಾನರು ರೋಟರಿಯಲ್ಲಿದ್ದಾರೆ. ಅಲ್ಲಿನ ಯೂತ್ ಎಕ್ಸ್‌ಚೇಂಜ್‌ನಲ್ಲಿ ಬ್ರೆಜಿಲ್‌ನ 16 ವರ್ಷದ ಹುಡುಗಿಯೊಬ್ಬಳು ಜುಲೈ ಕೊನೆಗೆ ಬರುತ್ತಿದ್ದಾಳೆ. ಒಂದು ವರ್ಷ ಇಲ್ಲೇ ಕಾಲೇಜಿಗೆ ಹೋಗುತ್ತಾಳೆ. ವರ್ಷದಲ್ಲಿ ಮೂರು ಮನೆ, ಮೊದಲ ನಾಲ್ಕು ತಿಂಗಳು ನಮ್ಮ ಮನೆ. ಇವರು ಮೀಟಿಂಗ್‌ನಲ್ಲಿ ಮಾತು ಕೊಟ್ಟು ಬಂದು ಆಮೇಲೆ ನನಗೆ ಹೇಳಿದ್ದು. ಎರಡು ದಿನ ನಾನು ಸರಿಯಾಗಿ ಮಾತಾಡಲಿಲ್ಲ. ಅಷ್ಟರಲ್ಲಿ ಆ ಹುಡುಗಿಯ ಅಮ್ಮನ ಮೇಲ್ ಬಂತು. ಉದ್ದದ ಮೇಲ್. ಅವಳಿಗೆ ಚಿಕ್ಕಂದಿನಿಂದ ಗುಡುಗು ಅಂದರೆ ಭಯ, ನಿಮ್ಮೂರಲ್ಲಿ ಆಗ ಮಳೆಗಾಲವಂತೆ, ರಾತ್ರಿ ಗುಡುಗಿದರೆ ಒಮ್ಮೆ ಅವಳ ರೂಮಿಗೆ ಹೋಗಿ ನೋಡಿ ಬನ್ನಿ ಅಂತ ಕೊನೆಯಲ್ಲಿ ಬರೆದಿದ್ದರು. ಅದನ್ನು ಓದಿ ನನ್ನ ಕೋಪ ಇಳಿಯಿತು. ಆದರೆ ಭಯ ಶುರುವಾಯಿತು.

ಮನೆಯಲ್ಲಿ ನಾವು ಐದು ಜನ. ಮಗ ಎಂಟನೇ ಕ್ಲಾಸು, ಮಗಳು ಐದನೇ ಕ್ಲಾಸು, ಅತ್ತೆಗೆ 74. ಹಳೇ ಮನೆ, ಬಚ್ಚಲು ಒಂದೇ. ಅತ್ತೆ ಬೆಳಿಗ್ಗೆ ಮಡಿಯಲ್ಲಿರುತ್ತಾರೆ, ನೈವೇದ್ಯ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಮನೆಗೆ ಮೊಟ್ಟೆ ಕೂಡ ತರುವುದಿಲ್ಲ. ಆ ಹುಡುಗಿ ನಮ್ಮ ಊಟ ಮಾಡುತ್ತಾಳಾ? ಹಸಿದುಕೊಂಡು ಇದ್ದರೆ ನಮಗೆ ಗೊತ್ತಾಗುವುದು ಹೇಗೆ? ಅವಳನ್ನು ನೆಂಟರ ಹಾಗೆ ನೋಡಿಕೊಳ್ಳಬೇಕಾ, ಮನೆ ಮಗಳ ಹಾಗಾ? ಯಾರ ಮನೆಯಲ್ಲಾದರೂ ಹೀಗೆ ಬಂದು ಇದ್ದಿದ್ದರೆ ದಯವಿಟ್ಟು ಬಿಡಿಸಿ ಹೇಳಿ. ಚಿಕ್ಕ ವಿಷಯ ಅಂತ ಬಿಡಬೇಡಿ, ನನಗೆ ಚಿಕ್ಕ ವಿಷಯಗಳೇ ಬೇಕು.

ಕಾಫಿ ತೋಟ

ಮೇಡಂ, ನಮ್ಮದು ಮಡಿಕೇರಿ ಹತ್ತಿರ ಹೋಮ್‌ಸ್ಟೇ. ವಿದೇಶದವರು ಬರುತ್ತಲೇ ಇರುತ್ತಾರೆ, ಹಾಗಾಗಿ ಕಾಗದಪತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಊಟ ತಿಂಡಿ ವಿಷಯ ಬೇರೆಯವರು ಹೇಳಲಿ.

ವಿದೇಶದವರು ಯಾರ ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ತಿಳಿಸಬೇಕು. ಹೋಟೆಲ್‌ಗೆ ಮಾತ್ರ ಈ ನಿಯಮ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ, ಮನೆಯವರಿಗೂ ಇದೆ. ಮೊದಲಿನಿಂದ ಎಲ್ಲರೂ ಇದಕ್ಕೆ ಸಿ ಫಾರ್ಮ್ ಅಂತಲೇ ಹೇಳುವುದು. 2025ರ ಸೆಪ್ಟೆಂಬರ್‌ನಿಂದ ಹೊಸ ಕಾನೂನು ಜಾರಿಯಲ್ಲಿದೆ, ಹಾಗಾಗಿ ಹಳೇ ಫಾರ್ಮ್ ಯಾರಾದರೂ ಕಳಿಸಿದರೆ ಅದನ್ನೇ ತುಂಬಬೇಡಿ. ಇಮಿಗ್ರೇಷನ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಈಗ ಯಾವುದಿದೆಯೋ ಅದನ್ನು ತುಂಬಿ. ಆನ್‌ಲೈನ್‌ನಲ್ಲೇ ಆಗುತ್ತದೆ. ಮೊದಲು ನಿಮ್ಮ ಮನೆಯ ಹೆಸರಲ್ಲಿ ಒಂದು ಐಡಿ ಮಾಡಿಕೊಳ್ಳಬೇಕು. ಅದಕ್ಕೆ ಒಪ್ಪಿಗೆ ಬರಲು ಸ್ವಲ್ಪ ದಿನ ಹಿಡಿಯುತ್ತದೆ, ಆದ್ದರಿಂದ ಅವಳು ಬರುವ ಮುಂಚೆಯೇ ಹಾಕಿ. ಬಂದ ದಿನ ಪಾಸ್‌ಪೋರ್ಟ್, ವೀಸಾ ಪುಟ, ಒಂದು ಫೋಟೊ ಕೈಯಲ್ಲಿದ್ದರೆ ಹತ್ತು ನಿಮಿಷದ ಕೆಲಸ.

ಇನ್ನೊಂದು, ಅವಳ ವೀಸಾ 180 ದಿನಕ್ಕಿಂತ ಜಾಸ್ತಿ ಇರುತ್ತದೆ. ಅಂಥವರು ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಬೆಂಗಳೂರಲ್ಲಾದರೆ ಇದರ ಕಚೇರಿ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಜಿಲ್ಲೆಗಳಲ್ಲಿ ಎಸ್‌ಪಿ ಕಚೇರಿಯವರು ನೋಡಿಕೊಳ್ಳುತ್ತಾರೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ನಿಮ್ಮ ಕ್ಲಬ್ಬಿನವರು ಮಾಡಿಸುತ್ತಾರೆ, ಆದರೂ ಮಾಡಿಸಿದರಾ ಅಂತ ನೀವೇ ಕೇಳಿ ತಿಳಿದುಕೊಳ್ಳಿ. ಮಗು ನಿಮ್ಮ ಮನೆಯಲ್ಲಿ ಇರುವುದು. ಅವಳ ಇನ್ಶೂರೆನ್ಸ್ ಪ್ರತಿಯನ್ನೂ ಒಂದು ಫೈಲಿನಲ್ಲಿ ಇಟ್ಟುಕೊಂಡಿರಿ, ಜ್ವರ ಬಂದ ರಾತ್ರಿ ಹುಡುಕುವ ಹಾಗೆ ಆಗಬಾರದು.

ಮಂಡ್ಯದ ಸೊಸೆ

ತಂಗಿ, ನಿಮ್ಮ ಪ್ರಶ್ನೆ ಓದಿದ ಕೂಡಲೇ 2018ರ ಆಗಸ್ಟ್ ಕಣ್ಣ ಮುಂದೆ ಬಂತು. ನಾವು ಮಂಡ್ಯ ಕಡೆಯವರು, ಇರುವುದು ಮೈಸೂರು, ಕುವೆಂಪುನಗರ. ಜರ್ಮನಿಯ 17 ವರ್ಷದ ಹುಡುಗಿ ಹತ್ತು ತಿಂಗಳು ನಮ್ಮ ಮನೆಯಲ್ಲಿದ್ದಳು. ನಮ್ಮದು ಬೇರೆ ಸಂಸ್ಥೆ, ಮನೆ ಬದಲಾಯಿಸುವುದು ಇರಲಿಲ್ಲ. ದುಡ್ಡು ಎಷ್ಟು ಕೊಡುತ್ತಾರೆ ಅಂತ ನಿಮ್ಮನ್ನು ಎಲ್ಲರೂ ಕೇಳುತ್ತಾರೆ, ನನ್ನನ್ನೂ ಕೇಳಿದರು. ನಮಗೆ ಯಾರೂ ಕೊಡಲಿಲ್ಲ, ನಿಮಗೂ ಕೊಡುವುದಿಲ್ಲ. ಮನೆಯಲ್ಲಿ ಇನ್ನೊಂದು ಮಗು ಇದೆ ಅಂತಲೇ ಇಟ್ಟುಕೊಳ್ಳುವುದು.

ಊಟದ ಬಗ್ಗೆ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ.

ನಮ್ಮದು ರಾತ್ರಿ ಮುದ್ದೆ ಊಟ. ಬಂದ ಎರಡನೇ ದಿನವೇ ಬಡಿಸಿದೆವು. ಅವಳು ಒಂದು ಮುದ್ದೆ ಮುಗಿಸಿದಳು. ನಮ್ಮ ಅತ್ತೆಗೆ ಹಿಗ್ಗೋ ಹಿಗ್ಗು. ಇನ್ನರ್ಧ ಹಾಕಿದರು. ಅದೂ ಖಾಲಿ. ದಿನಾ ಹೀಗೇ. ಬೀದಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮ ಹುಡುಗಿ ಒಂದೂವರೆ ಮುದ್ದೆ ಉಣ್ತಾಳೆ" ಅಂತ ನಾನೂ ಹೇಳಿಕೊಂಡು ಬಂದೆ. ಊಟಕ್ಕೆ ಕೂತಾಗ ಅವಳು ತೊಡೆ ಮೇಲೆ ಎರಡು ಟಿಶ್ಯೂ ಹಾಸಿಕೊಳ್ಳುತ್ತಿದ್ದಳು. ಅವರ ಕಡೆ ಪದ್ಧತಿ ಇರಬೇಕು ಅಂದುಕೊಂಡೆ.

ಮೂರನೇ ವಾರ ಒಂದು ಬೆಳಿಗ್ಗೆ ಅವಳ ರೂಮಿನ ಬಾಗಿಲ ಕೆಳಗಿಂದ ಇರುವೆ ಸಾಲು ಹೊರಟಿತ್ತು. ಅವಳು ಕಾಲೇಜಿಗೆ ಹೋಗಿದ್ದಳು. ಸಾಲು ಹಿಡಿದು ಹೋದೆ. ಮಂಚದ ಕೆಳಗೆ ಅವಳ ದೊಡ್ಡ ಬ್ಯಾಗು, ಅದರ ಪಕ್ಕದ ಜೇಬು. ಟಿಶ್ಯೂ ಸುತ್ತಿದ ಉಂಡೆಗಳು, ಆರೋ ಏಳೋ. ಬಿಚ್ಚಿ ನೋಡಿದರೆ ಮುದ್ದೆ. ಒಣಗಿ ಕಲ್ಲಾಗಿತ್ತು. ಮೇಲೆ ಅವಳ ಬೆರಳ ಗುರುತು ಹಾಗೇ ಇತ್ತು. ನಾನು ಆ ನೆಲದ ಮೇಲೇ ಕೂತುಬಿಟ್ಟೆ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಕೋಪ. ಆಮೇಲೆ, ಈ ಮಗು ಮೂರು ವಾರದಿಂದ ರಾತ್ರಿ ಏನು ತಿಂದು ಮಲಗಿದೆ ಅಂತ ಹೊಳೆಯಿತು.

ಸಾಯಂಕಾಲ ನನ್ನ ಮಗಳನ್ನು ಜೊತೆಗೆ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. ಅವಳು ಅತ್ತುಬಿಟ್ಟಳು. ಹೊರಡುವ ಮುಂಚೆ ಅವರಿಗೆ ತರಬೇತಿ ಇರುತ್ತದಲ್ಲ, ಅಲ್ಲಿ ಯಾರೋ ಹೇಳಿದ್ದರಂತೆ, ಭಾರತದಲ್ಲಿ ಊಟ ಬೇಡ ಅಂದರೆ ಮನೆಯವರಿಗೆ ಅವಮಾನ ಅಂತ. ಆದರೂ ಅವಳು ಬೇಡ ಅಂದಿದ್ದಳಂತೆ. ದಿನಾ ಅಂದಿದ್ದಳಂತೆ. "ಸಾಕು ಅಂತ ಕನ್ನಡದಲ್ಲೇ ಹೇಳ್ತಿದ್ದೆ, ನೀವು ನಗ್ತಾ ಇನ್ನೂ ಹಾಕ್ತಿದ್ರಿ" ಅಂದಳು. ಅದು ನಿಜ. ನಮ್ಮಲ್ಲಿ ಮೊದಲ ಸಾಕು ಲೆಕ್ಕಕ್ಕೇ ಇಲ್ಲ ಅಲ್ವಾ? ಮೂರನೇ ಸಾಕು ಬಂದ ಮೇಲೆ ಸೌಟು ನಿಲ್ಲುತ್ತದೆ. ನಮಗೆ ಅದು ಪ್ರೀತಿ. ಅವಳಿಗೆ, ನನ್ನ ಮಾತು ಈ ಮನೆಯಲ್ಲಿ ಯಾರಿಗೂ ಕೇಳಿಸುತ್ತಿಲ್ಲ ಅನ್ನಿಸಿತ್ತು. ಜೊತೆಗೆ ಮುದ್ದೆಯನ್ನು ಅವಳು ಅಗಿಯುತ್ತಿದ್ದಳು. ನುಂಗಬೇಕು ಅಂತ ನಾವ್ಯಾರೂ ಹೇಳಿಕೊಟ್ಟಿರಲಿಲ್ಲ. ಅಗಿದರೆ ನಮಗಾದರೂ ಇಳಿಯುತ್ತದಾ?

ಅವತ್ತಿನಿಂದ ಮನೆಯಲ್ಲಿ ಒಂದು ಮಾತಾಯಿತು. ಒಂದು ಸಲ ಸಾಕು ಅಂದರೆ ಮುಗಿಯಿತು. ಯಾರೂ ಕೇಳಬಾರದು, ಯಾರೂ ಹಾಕಬಾರದು. ಅವಳೇ ಬಡಿಸಿಕೊಳ್ಳಬೇಕು. ಅತ್ತೆಗೆ ಇದು ತುಂಬಾ ಕಷ್ಟವಾಯಿತು. ಸೌಟು ಹಿಡಿದುಕೊಂಡು ಅವಳ ಹಿಂದೆ ನಿಂತು, ನನ್ನ ಮುಖ ನೋಡಿ, ಸೌಟು ಕೆಳಗಿಡುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂದಿದ್ದನ್ನೂ ನೋಡಿದ್ದೇನೆ. ಬಡಿಸದೆ ಇರುವುದು ಅವರಿಗೆ ಉಪವಾಸಕ್ಕಿಂತ ಜಾಸ್ತಿ. ಆದರೆ ನಡೆಸಿಕೊಟ್ಟರು. ತಿಂಗಳಾದ ಮೇಲೆ ಒಂದು ರಾತ್ರಿ ಉಪ್ಸಾರು ಖಾರ ಮಾಡಿದ್ದೆವು. ಹುಡುಗಿ ತಾನಾಗೇ ತಟ್ಟೆ ಮುಂದೆ ಮಾಡಿ "ಅಜ್ಜಿ, ಇನ್ನೊಂಚೂರು" ಅಂದಳು. ಚಿಕ್ಕ ಮುದ್ದೆ, ನಿಂಬೆಹಣ್ಣಿನಷ್ಟು. ಅದನ್ನು ಸಾರಿನಲ್ಲಿ ಅದ್ದಿ ನುಂಗಿದಳು.

ನನ್ನನ್ನು ಕೇಳಿದರೆ, ನೀವು ಮೊದಲು ತಯಾರಿ ಮಾಡಬೇಕಾದದ್ದು ಇದೊಂದೇ. ಬಚ್ಚಲು, ಮಂಚ, ಎಲ್ಲ ಹೇಗೋ ಆಗುತ್ತದೆ. ಅವಳು ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು ಅಂತ ಮನೆಯವರೆಲ್ಲ ಒಪ್ಪಿಕೊಳ್ಳಿ. ಬಂದ ಮೊದಲ ದಿನವೇ ಅವಳಿಗೂ ಹೇಳಿ, ಈ ಮನೆಯಲ್ಲಿ ಬೇಡ ಅಂದರೆ ಯಾರಿಗೂ ಬೇಜಾರಿಲ್ಲ ಅಂತ. ನೀವು ಹಸಿವಿನ ಬಗ್ಗೆ ಕೇಳಿದ್ದೀರಿ. ಅವರ ಕಡೆಯ ಮಕ್ಕಳಿಗೆ ರಾತ್ರಿ ಒಂಬತ್ತೂವರೆವರೆಗೆ ಕಾಯುವುದು ಅಭ್ಯಾಸ ಇರುವುದಿಲ್ಲ. ಜರ್ಮನಿಯಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಅಂದರೆ ಬ್ರೆಡ್ಡು, ಚೀಸು, ಅದೂ ಬೇಗ. ನಾನು ಅಡುಗೆಮನೆಯಲ್ಲಿ ಒಂದು ಕೆಳಗಿನ ಶೆಲ್ಫು ಅವಳಿಗೇ ಬಿಟ್ಟೆ. ಬಾಳೆಹಣ್ಣು, ಕಡಲೆಕಾಯಿ, ಬ್ರೆಡ್ಡು, ಚಿಕ್ಕಿ. ಕೇಳದೆ ತೆಗೆದುಕೊಳ್ಳಬೇಕು ಅಂತ ಹೇಳಿದೆ. ಬಾಳೆಹಣ್ಣು ಖಾಲಿಯಾಗುವ ಲೆಕ್ಕದಲ್ಲಿ ನನಗೆ ಅವಳ ಹಸಿವು ಗೊತ್ತಾಗುತ್ತಿತ್ತು.

ಬಾಗಿಲ ವಿಷಯವನ್ನೂ ಹೇಳಬೇಕು. ಕಾಲೇಜಿಂದ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಮ್ಮ ಲೆಕ್ಕದಲ್ಲಿ ಬಾಗಿಲು ಹಾಕಿಕೊಂಡರೆ ಮುನಿಸು, ಇಲ್ಲ ಅಂದರೆ ಹುಷಾರಿಲ್ಲ. ಅರ್ಧ ಗಂಟೆಗೊಮ್ಮೆ ಒಬ್ಬೊಬ್ಬರು ಹೋಗಿ ಬಡಿಯುತ್ತಿದ್ದೆವು. ಕಾಫಿ ಬೇಕಾ, ಲೈಟ್ ಹಾಕ್ಲಾ, ಯಾಕೆ ಒಬ್ಬಳೇ ಕೂತಿದ್ದೀಯ. ಪಾಪ, ದಿನವಿಡೀ ಗೊತ್ತಿಲ್ಲದ ಭಾಷೆ ಕೇಳಿ ಕೇಳಿ ಅವಳ ತಲೆ ದಣಿದಿರುತ್ತಿತ್ತು. ಒಂದು ಗಂಟೆ ಸುಮ್ನೆ ಬಿಟ್ಟರೆ ಅವಳೇ ಹೊರಗೆ ಬರುತ್ತಾಳೆ ಅಂತ ನಮಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ಹೊರಗೆ ಬಂದವಳಿಗೆ ಕೈಯಲ್ಲಿ ಕೆಲಸ ಕೊಡಿ. ನಾನು ಮೊದಲು ಲೋಟ ತೊಳೆಯಲೂ ಬಿಡುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಅವರೆಕಾಯಿ ಬಂತು. ರಾತ್ರಿ ನೆನೆಹಾಕಿದ ಕಾಳನ್ನು ಅತ್ತೆ ದೊಡ್ಡ ಬೇಸಿನ್‌ನಲ್ಲಿ ಇಟ್ಟುಕೊಂಡು ಹಿಚುಕುತ್ತಾ ಕೂತಿದ್ದರು. ಅವಳು ಬಂದು ಪಕ್ಕದಲ್ಲಿ ಕೂತಳು. ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಚಿಮ್ಮಿ ಹೊರಗೆ ಬರುತ್ತದಲ್ಲ, ಅವಳ ಮೊದಲ ಬೇಳೆ ಹೋಗಿ ಟಿವಿಗೆ ಬಡಿಯಿತು. ಅತ್ತೆ ಅವಳ ಕೈ ಹಿಡಿದು, ಒತ್ತುವಾಗ ಅಂಗೈ ಮುಚ್ಚಿಕೊಳ್ಳುವುದನ್ನು ತೋರಿಸಿದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಅವಳಿಗೆ ಕನ್ನಡ ನೂರು ಪದ ಇರಬಹುದು. ಎರಡು ಗಂಟೆ ಇಬ್ಬರೂ ಕೂತು ಎರಡು ಸೇರು ಕಾಳು ಮುಗಿಸಿದರು. ಅವಳ ಉಗುರಿಗೆಲ್ಲ ಸೊಗಡು ವಾಸನೆ. ಕೈ ತೊಳೆಯಲಿಲ್ಲ, ಮೂಸಿ ಮೂಸಿ ನೋಡುತ್ತಿದ್ದಳು. ಆ ಸೀಸನ್ ಮುಗಿಯುವವರೆಗೂ ಅವರೆಕಾಯಿ ಅವರಿಬ್ಬರದೇ ಕೆಲಸ.

ಮೂರನೇ ತಿಂಗಳಲ್ಲಿ ಮನೆ ನೆನಪು ಜೋರಾಗಿ ಬರುತ್ತದೆ. ಮೊದಲಿನ ಹುರುಪು ಇಳಿದಿರುತ್ತದೆ, ವಾಪಸ್ ಹೋಗುವ ದಿನ ದೂರ ಇರುತ್ತದೆ. ಅದು ನಿಮ್ಮ ಮನೆಯಲ್ಲಿ ಇರುವಾಗಲೇ ಬರುತ್ತದೆ, ಗಮನ ಇರಲಿ. ನಮ್ಮವಳಿಗೆ ಬಂದದ್ದು ದಸರಾ ಹೊತ್ತಿಗೆ. ಊಟ ಕಡಿಮೆಯಾಯಿತು, ಮಾತು ನಿಂತಿತು. ಯಜಮಾನರು ಬೆಳಿಗ್ಗೆ ಬೇಗ ಎಬ್ಬಿಸಿ ಸ್ಕೂಟರಿನಲ್ಲಿ ಸಯ್ಯಾಜಿರಾವ್ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಜಂಬೂಸವಾರಿಗೆ ಮುಂಚೆ ಆನೆಗಳು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆದು ಅಭ್ಯಾಸ ಮಾಡುತ್ತವಲ್ಲ, ಅದನ್ನು ನೋಡಲು. ಆಗ ಅಂಬಾರಿ ಹೊರುತ್ತಿದ್ದದ್ದು ಅರ್ಜುನ. 750 ಕೆಜಿ ಅಂಬಾರಿಗೆ ಬದಲು ಮರಳಿನ ಮೂಟೆ ಹೊತ್ತು ನಡೆಯುತ್ತಿತ್ತು. ಅವಳು ಏನೂ ಮಾತಾಡದೆ ಅದರ ಜೊತೆ ಫುಟ್‌ಪಾತ್ ಮೇಲೆ ನಡೆಯುತ್ತಿದ್ದಳಂತೆ. ಒಂದು ವಾರ ಹೀಗೆ ಹೋಗಿ ಬಂದ ಮೇಲೆ ಮುಖ ತಿಳಿಯಾಯಿತು. 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಕಾಡಿನಲ್ಲಿ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿದ್ದ ಅರ್ಜುನ ಸತ್ತಾಗ ನಮಗೆ ಜರ್ಮನಿಯಿಂದ ಫೋನ್ ಬಂತು. ಆ ಕಡೆ ಅವಳೂ ಅಳುತ್ತಿದ್ದಳು, ಈ ಕಡೆ ಇವರೂ.

ಕೊನೆಗೆ ನಿಮ್ಮ ಮಗಳ ಬಗ್ಗೆ ಒಂದು ಮಾತು. ಬಂದವರೆಲ್ಲ ಜರ್ಮನಿ ಹುಡುಗಿಯನ್ನು ನೋಡಿ "ಎಷ್ಟು ಬೆಳ್ಳಗಿದ್ದಾಳೆ" ಅಂತ ಶುರು ಮಾಡುತ್ತಿದ್ದರು, ನನ್ನ ಮಗಳು ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಬ್ಬರಂತೂ ಇಬ್ಬರ ಕೈಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತವಳ ಜೊತೆ ಸಾಲುಗಟ್ಟಿ ಫೋಟೊ ತೆಗೆಸಿಕೊಂಡರು, ಮಗಳಿಗೆ ಫೋನ್ ಕೊಟ್ಟು ಫೋಟೊ ತೆಗಿ ಅಂದರು. ನಾನು ಬಾಯಿ ಬಿಡಲು ತಡ ಮಾಡಿದೆ, ಅದು ಇವತ್ತಿಗೂ ನನಗೆ ನೋವು. ನೀವು ಮೊದಲ ಸಲವೇ ತಡೆಯಿರಿ. ಮನೆಗೆ ಬಂದವರಿಗೆ ಬೇಜಾರಾದರೂ ಆಗಲಿ.

ಹುಬ್ಬಳ್ಳಿ ಹುಡುಗಿ

ಮಂಡ್ಯದ ಅಕ್ಕ ಬರೆದದ್ದು ಓದಿ ನನಗೆ ಗಂಟಲು ಕಟ್ಟಿತು. ನಾನು ಆ ಕಡೆ ಕೂತವಳು. 2015ರಲ್ಲಿ 17 ವರ್ಷಕ್ಕೆ ಡೆನ್ಮಾರ್ಕ್‌ಗೆ ಹೋಗಿದ್ದೆ, ಒಂದು ಮನೆಯಲ್ಲಿ ಇದ್ದೆ. ನನಗಾದದ್ದು ಇದರ ಉಲ್ಟಾ.

ಅಲ್ಲಿ ಸಂಜೆ ಆರಕ್ಕೆ ಊಟ. ಆ ಮನೆಯ ಅಮ್ಮ ಒಂದು ಸಲ ಕೇಳುತ್ತಿದ್ದರು, ಇನ್ನೂ ಬೇಕಾ ಅಂತ. ನಾನು ಬೇಡ ಅನ್ನುತ್ತಿದ್ದೆ. ಬೇರೆಯವರ ಮನೆಯಲ್ಲಿ ಕೇಳಿದ ಕೂಡಲೇ ಹೂಂ ಅನ್ನಬಾರದು ಅಂತ ನಮ್ಮವ್ವ ಕಲಿಸಿದ್ದಳು. ನಮ್ಮ ಕಡೆ "ಅಯ್ಯ, ಹೊಟ್ಟಿ ತುಂಬ ಉಣ್ರೀ, ಸಂಕೋಚ ಮಾಡಬ್ಯಾಡ್ರಿ" ಅಂತ ಎರಡನೇ ಸಲ, ಮೂರನೇ ಸಲ ಬರುತ್ತಾರಲ್ಲ. ಅಲ್ಲಿ ಬರಲಿಲ್ಲ. ನೈ ತಾಕ್ ಅಂದರೆ ಬೇಡ ಅಂತ, ಅಷ್ಟೇ. ಪಾತ್ರೆ ಮುಂದಕ್ಕೆ ಹೋಗುತ್ತಿತ್ತು. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಆರಕ್ಕೆ ಊಟ, ಹತ್ತಕ್ಕೆ ಹೊಟ್ಟೆ ಹಸಿದು ನಿದ್ದೆ ಇಲ್ಲ. ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಹಿಂಡಿ ಡಬ್ಬಿ ತೆಗೆದು ಕರಿ ಬ್ರೆಡ್ಡಿಗೆ ಹಚ್ಚಿ ಕತ್ತಲಲ್ಲಿ ತಿನ್ನುತ್ತಿದ್ದೆ. ಅವರು ಒಳ್ಳೆಯ ಜನ. ಗೊತ್ತಾದ ದಿನ ಅವರೇ ಜಾಸ್ತಿ ನೊಂದುಕೊಂಡರು. ನನ್ನ ಮಾತನ್ನು ಅವರು ನಂಬಿದ್ದರು, ಅಷ್ಟೇ. ಊಟ ಮುಗಿದ ಮೇಲೆ ಅಲ್ಲಿ ಎಲ್ಲರೂ ಅಡುಗೆ ಮಾಡಿದವರಿಗೆ ಥ್ಯಾಂಕ್ಸ್ ಹೇಳಬೇಕು, ಗಂಡ ಹೆಂಡತಿಗೂ ಹೇಳುತ್ತಾನೆ. ಆ ಪದ್ಧತಿ ನನಗೆ ತುಂಬಾ ಇಷ್ಟವಾಯಿತು. ವಾಪಸ್ ಬಂದ ಮೇಲೆ ನಮ್ಮವ್ವನಿಗೆ ಹೇಳಲು ಶುರು ಮಾಡಿದೆ.

ತುಂಗೆ ಅಕ್ಕ, ನನ್ನ ಜೊತೆ ಅಲ್ಲಿ ಬ್ರೆಜಿಲ್‌ನ ಇಬ್ಬರು ಹುಡುಗಿಯರಿದ್ದರು. ಎರಡು ವಿಷಯ ಹೇಳುತ್ತೇನೆ. ಅವರು ಸಿಕ್ಕ ಕೂಡಲೇ ತಬ್ಬಿಕೊಂಡು ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ಹಿರಿಯರಿಗಂತೂ ತಪ್ಪದೆ. ನಿಮ್ಮ ಅತ್ತೆ ಮಡಿಯಲ್ಲಿದ್ದಾಗ ಅವಳು ಪ್ರೀತಿಯಿಂದ ಓಡಿ ಹೋಗಿ ತಬ್ಬಿಕೊಂಡಾಳು. ಮುಂಚೆಯೇ ಹೇಳಿ, ಬೆಳಿಗ್ಗೆ ಪೂಜೆ ಮುಗಿಯುವವರೆಗೆ ಅಜ್ಜಿಯನ್ನು ಮನೆಯವರು ಯಾರೂ ಮುಟ್ಟುವುದಿಲ್ಲ, ಆಮೇಲೆ ತಬ್ಬಿಕೋ ಅಂತ. ಯಾರೂ ಅನ್ನುವುದನ್ನು ಒತ್ತಿ ಹೇಳಿ, ಇಲ್ಲದಿದ್ದರೆ ನನಗೆ ಮಾತ್ರ ಅಂದುಕೊಳ್ಳುತ್ತಾಳೆ. ಇನ್ನೊಂದು, ಅವರ ದಿನದ ಊಟವೇ ಅನ್ನ ಮತ್ತು ಕಾಳು. ನಿಮ್ಮ ಕಾಳಿನ ಹುಳಿ ಕಂಡರೆ ಅವಳಿಗೆ ಮನೆಯೇ ಕಂಡ ಹಾಗೆ. ಖಾರ ಮಾತ್ರ ಕಡಿಮೆ ಇರಲಿ. ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಾರೆ, ಬಚ್ಚಲು ಒಂದೇ ಅಂದಿರಿ, ಅದಕ್ಕೆ ಹೇಳಿದೆ.

ಅವರ ಭಾಷೆ ಪೋರ್ಚುಗೀಸ್. ನಮ್ಮ ಮೇಜು, ಚಾವಿ, ಬಟಾಟೆ, ಅಲಮಾರು ಎಲ್ಲ ಅಲ್ಲಿಂದಲೇ ಬಂದ ಪದಗಳು. ಡೆನ್ಮಾರ್ಕ್‌ನಲ್ಲಿ ನಾನು ಕೀಲಿಕೈ ಹುಡುಕುತ್ತಾ ಬಾಯಿತಪ್ಪಿ "ಚಾವಿ ಎಲ್ಲಿ" ಅಂದಾಗ ಬ್ರೆಜಿಲ್ ಹುಡುಗಿ ತಟ್ಟನೆ ತಿರುಗಿ ನೋಡಿದಳು. ಅವಳೂ ಅದಕ್ಕೆ ಶಾವಿ ಅನ್ನುವುದು. ಅವತ್ತಿಂದ ನಮ್ಮ ಸ್ನೇಹ. ಒಂದು ಹಾಳೆಯಲ್ಲಿ ಆ ಪದಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ.

ತುಂಗೆ ದಡದವಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ. ಮಂಡ್ಯದ ಅಕ್ಕನ ಉತ್ತರವನ್ನು ಊಟ ಆದ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಅತ್ತೆ ಎರಡು ಸಲ ಓದಿಸಿಕೊಂಡರು. ಐಡಿಗೆ ಅರ್ಜಿಯನ್ನೂ ಹಾಕಿದೆವು.

ಇನ್ನೊಂದು ಕೇಳಬೇಕು, ಹೆಂಗಸರೇ ಉತ್ತರಿಸಿದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಮುಟ್ಟಾದಾಗ ಮೂರು ದಿನ ಅಡುಗೆಮನೆ, ದೇವರಮನೆಗೆ ಹೋಗುವ ಹಾಗಿಲ್ಲ. ನಾನು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೇನೆ. ಆ ಹುಡುಗಿಗೆ ಇದನ್ನು ಹೇಗೆ ಹೇಳುವುದು? ಯೋಚಿಸಿದರೆ ನನಗೆ ನಿದ್ದೆ ಬರುತ್ತಿಲ್ಲ.

ಮಂಡ್ಯದ ಸೊಸೆ

ತಂಗಿ, ಹುಡುಗಿಗೆ ಹೇಳುವುದು ಆಮೇಲೆ. ಮೊದಲು ಅತ್ತೆಯ ಹತ್ತಿರ ಕೂತು ಮಾತಾಡಿ, ಈಗಲೇ, ಅವಳು ಬರುವ ಮುಂಚೆ. ಇನ್ನೊಬ್ಬರ ಮಗುವಿಗೆ ನಾವು ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಅಂತ ಕೇಳಿ. ನಮ್ಮ ಅತ್ತೆ ದೇವರಮನೆ ಒಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಟ್ಟರು. ದೇವರಮನೆಗೆ ಆ ದಿನ ನಾನೂ ಹೋಗುವುದಿಲ್ಲ, ನೀನೂ ಹೋಗಬೇಡ ಅಂತ ನಾನೇ ಅವಳಿಗೆ ಹೇಳಿದೆ. ಯಾಕೆ ಅಂತ ಕೇಳಿದಳು. ನಮ್ಮ ಮನೆಯಲ್ಲಿ ಹಿಂದಿನಿಂದ ನಡೆದು ಬಂದಿದೆ, ನನಗೂ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಅಜ್ಜಿಯ ಮನಸ್ಸು ನೋಯದಿರಲಿ ಅಂತ ಪಾಲಿಸುತ್ತೇನೆ ಅಂದೆ. ಸುಳ್ಳು ಕಾರಣ ಕೊಡಬೇಡಿ, ಮೈಲಿಗೆ ಅನ್ನುವ ಮಾತಂತೂ ಅವಳ ಕಿವಿಗೆ ಬೀಳಬಾರದು. ಅಡುಗೆಮನೆಗೆ ಬರಬೇಡ ಅಂದರೆ ಆ ಮಗು ನೀರು ಕುಡಿಯುವುದಾದರೂ ಹೇಗೆ? ಅದನ್ನು ಅತ್ತೆಗೆ ನೀವೇ ಕೇಳಿ ನೋಡಿ. ನಿಮ್ಮ ಮಗಳೂ ಐದನೇ ಕ್ಲಾಸು ಅಂದಿರಲ್ಲ, ಅವಳಿಗೂ ಇದು ಹತ್ತಿರ ಬಂತು.

ಬಚ್ಚಲಲ್ಲಿ ಮುಚ್ಚಳ ಇರುವ ಕಸದಬುಟ್ಟಿ, ಪಕ್ಕದಲ್ಲಿ ಹಳೇ ಪೇಪರ್ ಇಡಿ. ಎಲ್ಲಿ ಹಾಕಬೇಕು ಅಂತ ಬಂದ ದಿನವೇ ತೋರಿಸಿ, ಅವಳು ಕೇಳಲು ಸಂಕೋಚಪಡುತ್ತಾಳೆ. ಬಕೆಟ್‌ನಲ್ಲಿ ಬಿಸಿನೀರು ತಣ್ಣೀರು ಬೆರೆಸಿಕೊಂಡು ಚೊಂಬಿನಲ್ಲಿ ಸ್ನಾನ ಮಾಡುವುದನ್ನೂ ತೋರಿಸಿ. ನಮ್ಮವಳು ಮೊದಲ ವಾರ ಬರೀ ತಣ್ಣೀರು ಸುರಿದುಕೊಂಡಿದ್ದಳು. ನಿಮ್ಮೂರ ಮಳೆಗೆ ಬಟ್ಟೆ ಒಣಗುವುದಿಲ್ಲ, ಅವಳ ಒಳಬಟ್ಟೆಗೆ ರೂಮಿನಲ್ಲೇ ಒಂದು ಹಗ್ಗ ಕಟ್ಟಿಬಿಡಿ.

ತುಂಗೆ ದಡದವಳು

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಈಗ ಅಕ್ಟೋಬರ್, ಅವಳು ಬಂದು ಎರಡೂವರೆ ತಿಂಗಳಾಯಿತು. ಅಂದಾಜು ಮಾಡಿದ್ದ ಕಷ್ಟಗಳು ಬರಲಿಲ್ಲ, ಬೇರೆ ಬಂದವು. ಕಾಲೇಜಿನಲ್ಲಿ ಪಾಠ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಬರುತ್ತಿದ್ದಳು, ಈಗ ಮಧ್ಯಾಹ್ನ ಬಿಡಿಸಿ ಸಂಗೀತದ ಕ್ಲಾಸಿಗೆ ಹಾಕಿದ್ದೇವೆ. ನನ್ನ ಸ್ಕೂಟಿ ಓಡಿಸಬೇಕು ಅಂತ ಆಸೆ. ರೋಟರಿ ನಿಯಮದಲ್ಲಿ ಗಾಡಿ ಓಡಿಸುವ ಹಾಗೇ ಇಲ್ಲ, ಅದಕ್ಕೆ ಇನ್ನೂ ನನ್ನ ಮೇಲೆ ಮುಖ ಊದಿಸಿಕೊಳ್ಳುತ್ತಾಳೆ. ಮಗ ಮೊದಲ ತಿಂಗಳು ಅವಳ ಎದುರು ಬರುತ್ತಲೇ ಇರಲಿಲ್ಲ. ಈಗ ಕೇರಂ ಆಡುತ್ತಾರೆ, ಹಾಲ್‌ನಲ್ಲಿ, ಎಲ್ಲರ ಎದುರು.

ಸಾಕು ಅಂದರೆ ಸಾಕು ಅನ್ನುವುದನ್ನು ನಾವು ಮೊದಲ ದಿನದಿಂದ ಪಾಲಿಸಿದೆವು. ವಿಚಿತ್ರ ಅಂದರೆ ಈಗ ನನ್ನ ಮಗಳೂ ತಟ್ಟೆ ಮೇಲೆ ಕೈ ಅಡ್ಡ ಇಟ್ಟು ಸಾಕು ಅನ್ನುತ್ತಾಳೆ, ಅತ್ತೆ ಅವಳಿಗೂ ನಿಲ್ಲಿಸುತ್ತಾರೆ. ಅಡುಗೆಮನೆ ವಿಷಯ ಅತ್ತೆ ಬಿಟ್ಟುಕೊಟ್ಟರು. ಅವಳಿಗೆ ಬಿಟ್ಟ ಮೇಲೆ ನನಗೂ ಬಿಟ್ಟರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಆ ದಿನ ನಾನು ಹೊರಗೆ ನಿಂತಿದ್ದಾಗ, "ನೀನ್ಯಾಕೆ ಅಲ್ಲಿ ನಿಂತಿದ್ದೀಯ, ಬಾ, ತರಕಾರಿ ಹೆಚ್ಚು" ಅಂದರು. ಮದುವೆಯಾಗಿ 17 ವರ್ಷ ಆಯಿತು.

ಗುಡುಗಿನ ವಿಷಯ ಕೇಳಿ. ಆಷಾಢ ಶ್ರಾವಣದ ಮಳೆಗೆ ನಮ್ಮಲ್ಲಿ ಗುಡುಗು ಕಡಿಮೆ, ಬರೀ ಸುರಿಯುತ್ತದೆ. ಹಾಗಾಗಿ ನಾನು ಮರೆತೇಬಿಟ್ಟಿದ್ದೆ. ಮೊನ್ನೆ ರಾತ್ರಿ ಹಿಂಗಾರಿನ ಮೊದಲ ಗುಡುಗು, ಕಿಟಕಿ ಗಾಜು ನಡುಗಿತು. ಕರೆಂಟ್ ಹೋಯಿತು. ಟಾರ್ಚ್ ಹುಡುಕಿಕೊಂಡು ಓಡಿದೆ. ಅವಳ ರೂಮಿನ ಬಾಗಿಲು ತೆಗೆದೇ ಇತ್ತು. ಅತ್ತೆ ಚಾಪೆ, ಕಂಬಳಿ ತಂದು ಅವಳ ಮಂಚದ ಕೆಳಗೆ ಹಾಸಿಕೊಂಡು ಮಲಗಿದ್ದರು. ಅವಳ ಒಂದು ಕೈ ಮಂಚದಿಂದ ಇಳಿಬಿದ್ದು ಅತ್ತೆಯ ಕೈಯಲ್ಲಿತ್ತು. ಮೇಲ್ ವಿಷಯ ನಾನು ಅತ್ತೆಗೆ ಒಂದೇ ಒಂದು ಸಲ ಹೇಳಿದ್ದೆ, ಜೂನ್‌ನಲ್ಲಿ.

ನವೆಂಬರ್ ಕೊನೆಗೆ ಅವಳು ಎರಡನೇ ಮನೆಗೆ ಹೋಗಬೇಕು. ಇದೇ ಊರು, ವಿನೋಬನಗರ. ಆ ಮನೆಯವರಿಗೆ ಏನೇನು ಹೇಳಿ ಕಳಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆಯುತ್ತಿದ್ದೇನೆ. ಸಂಜೆ ಆರಕ್ಕೆ ಹಸಿವಾಗುತ್ತದೆ, ಹುಣಸೆಹುಳಿ ಇಷ್ಟ, ಬೆಂಡೆಕಾಯಿ ಬೇಡ, ಬಾಗಿಲು ಹಾಕಿಕೊಂಡರೆ ಬಡಿಯಬೇಡಿ, ಗುಡುಗಿದರೆ ಹೋಗಿ. ಮಂಡ್ಯದ ಅಕ್ಕ, ಹುಬ್ಬಳ್ಳಿ ತಂಗಿ, ಇದರಲ್ಲಿ ಏನಾದರೂ ಬಿಟ್ಟಿದ್ದರೆ ಹೇಳಿ, ಸೇರಿಸುತ್ತೇನೆ.